ಹೊರಗಿನ ಸಾಮಾನು

ನಮ್ಮವರು ಹೋದ ಮೇಲೆ ಅವರ ಅಂಗಿ, ಧೋತರ, ಕೊಡೆ, ಚಪ್ಪಲಿ ಎಲ್ಲದಕ್ಕೂ ಒಂದೊಂದು ದಾರಿ ಸಿಕ್ಕಿತು. ಹಲ್ಲಿಗೆ ಮಾತ್ರ ಸಿಗಲಿಲ್ಲ.

ಹಲ್ಲು ಎಂದರೆ ಕಟ್ಟಿಸಿದ ಹಲ್ಲು. ಮೇಲಿನ ಸಾಲು, ಕೆಳಗಿನ ಸಾಲು. ಮಲಗುವಾಗ ತೆಗೆದು, ಮುಚ್ಚಳವಿರುವ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಇಡುತ್ತಿದ್ದರು. ಅವರು ಹೋದ ಬೆಳಿಗ್ಗೆಯೂ ಅದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆಯೇ ಇತ್ತು. ಬಂದವರೆಲ್ಲ ಹೋಗಿ, ಮನೆ ತೊಳೆದಾದ ಮೇಲೆ ನಾನು ಆ ಡಬ್ಬಿಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟೆ. ಅಲ್ಲಿ ಬಂದವರ ಕಣ್ಣಿಗೆ ಬೀಳುತ್ತದೆಂದು ಅಡುಗೆಮನೆಗೆ ಒಯ್ದೆ. ಅಲ್ಲಿ ಉಪ್ಪಿಗೆಂದು ಕೈ ಚಾಚಿದರೆ ಅದೇ ಕೈಗೆ ಬರುತ್ತಿತ್ತು. ದೇವರ ಜಗಲಿಯ ಹತ್ತಿರ ಇಡಲು ಮನಸ್ಸು ಒಪ್ಪಲಿಲ್ಲ. ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಸ್ವಲ್ಪ ಹೊತ್ತಿಗೆ, ನೀರು ಚೆಲ್ಲಿ ಸೀರೆ ತೊಯ್ದಾವು ಎಂದು ಬೀಗ ತೆಗೆದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದೊಡನೆ ಡಬ್ಬಿಯ ನೀರು ಬದಲಿಸುತ್ತಿದ್ದೆ. ಯಾರ ಸಲುವಾಗಿ ಎಂದು ಮಗಳು ಒಮ್ಮೆ ಕೇಳಿದಳು. ನಾನು ಕಸಬರಿಗೆ ತೆಗೆದುಕೊಂಡು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಲು ಹೋದೆ.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಬರೆಯುವ ರೂಢಿಯಿಲ್ಲ. ಕೈಗೆ ಏನಾದರೂ ಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಅವರು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ನೌಕರಿಯ ಬಹುಪಾಲು ಒಂದೇ ದಾರಿ: ನರಗುಂದ, ಯಾವಗಲ್, ರೋಣ, ಗಜೇಂದ್ರಗಡ, ಮತ್ತೆ ತಿರುಗಿ ಅದೇ. ಮನೆ ರೋಣದಲ್ಲಿ ಮಾಡಿದೆವು. ಕಂಡಕ್ಟರನಿಗೆ ಎರಡೂ ಕೈಗೆ ಕೆಲಸ. ಒಂದರಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಬಸ್ಸು ಹೊಯ್ದಾಡಿದರೆ ಸೀಟಿನ ಕಂಬಿಗೆ ಸೊಂಟ ಒತ್ತಿ ನಿಲ್ಲಬೇಕು. ಹೀಗಾಗಿ ಊದುವ ಸೀಟಿ ಹಲ್ಲಿನಲ್ಲಿ. ಬೆಳಿಗ್ಗೆ ಕಚ್ಚಿ ಹಿಡಿದರೆ ಸಂಜೆಯೇ ಬಿಡುವುದು. ನಮ್ಮ ಕಡೆಯದು ಕಪ್ಪು ಎರೆ ಭೂಮಿ, ರಸ್ತೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಇವತ್ತು ಮುಚ್ಚಿದ ತಗ್ಗು ಮುಂದಿನ ಮಳೆಗೆ ಬಾಯಿ ತೆರೆಯುತ್ತದೆ. ಬಸ್ಸು ಕುಣಿದಾಗಲೆಲ್ಲ ಸೀಟಿ ಹಲ್ಲಿಗೆ ಬಡಿಯುತ್ತಿತ್ತು. ಮೊದಲು ಅಲುಗಾಡಿದ್ದು ಮುಂದಿನ ಹಲ್ಲುಗಳೇ. ಆ ಮೇಲೆ ಸಕ್ಕರೆ ಕಾಯಿಲೆ ಬಂದು ಒಸಡು ಸಡಿಲಾಯಿತು.

ನಮ್ಮಲ್ಲಿ ಹುಡುಗರ ಹಾಲುಹಲ್ಲು ಬಿದ್ದರೆ ಸೆಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುತ್ತಾರೆ, ಹೊಸ ಹಲ್ಲು ಬೇಗ ಬರಲೆಂದು. ಇವರ ಮೊದಲ ಹಲ್ಲು ಡ್ಯೂಟಿಯಲ್ಲಿ ಬಿತ್ತು. ಕಿಸೆಯಲ್ಲಿ ಹಾಕಿಕೊಂಡು ಮನೆಗೆ ತಂದರು.

"ಏ, ಒಂದೀಟು ಸೆಗಣಿ ತಾ," ಎಂದರು.

"ಅಜ್ಜ ಆಗೂ ಹೊತ್ತಿನ್ಯಾಗ ಇದೇನ ಹುಡುಗಾಟಕಿ ರೀ?"

"ಬಂದ್ರ ಬರ್ಲಿ. ಬರದಿದ್ರ ಮಾಳಿಗಿಗೇನ ಭಾರ ಆಗ್ತೈತೇನ?"

ನಮ್ಮ ರೋಣದ ಮನೆಗೆ ಮಣ್ಣಿನ ಮಾಳಿಗೆಯಿಲ್ಲ, ಸಿಮೆಂಟಿನದು. ಉಂಡೆ ಅದರ ಮೇಲೆ ಉರುಳಿ ಆ ಕಡೆ ಚರಂಡಿಗೆ ಬಿತ್ತು. "ನೋಡು, ಜಾಗಾ ಸರಿ ಇಲ್ಲ," ಎಂದು ನಕ್ಕರು. ಮುಂದೆ ಬಿದ್ದ ಹಲ್ಲುಗಳನ್ನೂ ಹಾಗೆಯೇ ಒಗೆಯುತ್ತಿದ್ದರು. ಆಮೇಲಾಮೇಲೆ ನಗುವುದನ್ನು ಬಿಟ್ಟರು.

ನಿವೃತ್ತಿಯಾಗಿ ಸ್ವಲ್ಪ ದಿನಕ್ಕೆ, ಉಳಿದದ್ದನ್ನೂ ಡಾಕ್ಟರು ಕಿತ್ತುಹಾಕಿದರು. ಬಾಯಿ ಬರಿದಾಯಿತು. ಅವರಿಗೆ ಖಡಕ್ ರೊಟ್ಟಿ ಬೇಕು. ಕೈಯಲ್ಲಿ ಮುರಿದರೆ ಸಪ್ಪಳ ಪಡಸಾಲೆಗೆ ಕೇಳಬೇಕು; ಜೊತೆಗೆ ಕೆಂಪು ಚಟ್ನಿ, ಹಸಿ ಉಳ್ಳಾಗಡ್ಡಿ. ಈಗ ನಾನು ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಕಿವುಚಿ ಕೊಡಬೇಕಾಯಿತು. ಅವರು ಗೋಡೆಯ ಕಡೆ ಮುಖ ಮಾಡಿ ಕೂತು ಅದನ್ನು ನುಂಗುತ್ತಿದ್ದರು. ಮದುವೆ, ಮುಂಜಿವೆಗಳಿಗೆ ಹೋಗುವುದನ್ನು ಬಿಟ್ಟರು. ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೂ ತಾನೊಬ್ಬ ಕೂತಿರಬೇಕಲ್ಲ ಎಂದು. ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋಗುವುದನ್ನೂ ಬಿಟ್ಟರು. ಒಂದು ಕೂಗಿಗೆ ಇಡೀ ಸ್ಟ್ಯಾಂಡನ್ನು ಬಸ್ಸಿನ ಕಡೆ ತಿರುಗಿಸುತ್ತಿದ್ದ ಮನುಷ್ಯ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವಂತಾದರು. ಫೋನು ಬಂದರೆ ನನಗೆ ಕೊಟ್ಟುಬಿಡುತ್ತಿದ್ದರು.

ಅವರು ಬೇಡಿದ್ದು ದೊಡ್ಡದೇನಲ್ಲ. ಹಲ್ಲು ಕಟ್ಟಿಸಿಕೊಳ್ಳಬೇಕು, ನಾಲ್ಕು ಮಂದಿಯ ನಡುವೆ ಕೂತು ಒಂದು ರೊಟ್ಟಿ ಮುರಿಯಬೇಕು, ಕೈ ಅಡ್ಡವಿಲ್ಲದೆ ಮಾತಾಡಬೇಕು.

ನಿವೃತ್ತಿಯಾದಾಗ ಆರೋಗ್ಯ ವಿಮೆ ಮಾಡಿಸಿದ್ದೆವು. ವರ್ಷದ ಕಂತನ್ನು ಒಮ್ಮೆಯೂ ತಪ್ಪಿಸುತ್ತಿರಲಿಲ್ಲ. ವಿಮೆಯ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೇವರ ಫೋಟೋದ ಹಿಂದೆ ಇಟ್ಟಿದ್ದರು. "ಇದಕ್ಕ ಕಟ್ಟೀವಲ್ಲ, ಹಲ್ಲ ಇದ ಕೊಡ್ತೈತಿ," ಎಂದು ಒಂದು ಬೆಳಿಗ್ಗೆ ಆ ಕಾರ್ಡು ತೆಗೆದುಕೊಂಡು, ನನ್ನನ್ನೂ ಕರೆದುಕೊಂಡು ಗದಗಿಗೆ ಹೊರಟರು. ಅವರ ಮಾತು ಬೇರೆಯವರಿಗೆ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ, ನಾನು ಬೇಕಾಗಿತ್ತು.

ವಿಮೆಯ ಆಫೀಸಿನಲ್ಲಿ ನಮ್ಮ ಮಗಳ ವಯಸ್ಸಿನ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕುರ್ಚಿ ಕೊಟ್ಟು, ನೀರು ಕೊಟ್ಟು, ಕಂಪ್ಯೂಟರ್ ನೋಡಿ ಹೇಳಿದಳು.

"ಹಲ್ಲಿನ ಸೆಟ್ಟು ಇದರಾಗ ಬರೂದಿಲ್ರಿ ಕಾಕಾ. ಕನ್ನಡಕ, ಕಿವಿ ಮಷೀನು, ಹಲ್ಲಿನ ಸೆಟ್ಟು ಇವನ್ನೆಲ್ಲಾ ಹೊರಗಿನ ಸಾಮಾನು ಅಂತ ಹಿಡೀತಾರ್ರಿ."

ಅವರು ಕೈ ಅಡ್ಡ ಹಿಡಿದು ಏನೋ ಅಂದರು. ಆಕೆ ನನ್ನ ಮುಖ ನೋಡಿದಳು. ನಾನು ಹೇಳಿದೆ: "ಬಾಯಿ ಒಳಗ ಇರೂದು ಹೊರಗಿಂದು ಹ್ಯಾಂಗ ಆಗ್ತೈತಿ ಅಂತ ಕೇಳಾಕ್ಹತ್ಯಾರವಾ."

"ತಗದ ಇಡಾಕ ಬರ್ತೈತಲ್ರಿ, ಅದಕ್ಕ. ಮೈಯಾಗ ಕೂಡಿದ್ದಲ್ಲ."

ಅವರು ಕೈ ತೆಗೆದೇಬಿಟ್ಟರು. "ಪ್ಯಾಸೆಂಜರನೂ ಇಳೀತಾನವಾ. ಹಂಗಂತ ಬಸ್ಸಿನ್ಯಾಗ ಇರೂತನಕ ಅಂವ ಹೊರಗಿನಾಂವ ಆಗ್ತಾನೇನು?"

ಇದು ಆಕೆಗೆ ತಿಳಿಯಿತು. ನಕ್ಕಳು. "ನಿಮ್ಮ ಮಾತು ಖರೇ ಐತ್ರಿ ಕಾಕಾ. ಆದ್ರ ಇದನ್ನ ನಾ ಬರದಿಲ್ಲಲ್ರಿ." ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: "ಆಕ್ಸಿಡೆಂಟ್ ಆಗಿ, ದವಾಖಾನಿಗೆ ಅಡ್ಮಿಟ್ ಆಗಿದ್ರ ಬ್ಯಾರೆ ಮಾತ್ರಿ. ಆವಾಗ ಒಂದೀಟು ನೋಡಬಹುದು. ಹಂಗೇನರ ಆಗಿತ್ತೇನ್ರಿ?"

"ಸೀಟಿ ಕಚ್ಚಿ ಕಚ್ಚಿ ಹೋದೂವವಾ."

"ಅದು ಆಕ್ಸಿಡೆಂಟ್ ಅಲ್ರಿ."

"ಹೌದು, ಅಲ್ಲ," ಎಂದು ಅವರೇ ಒಪ್ಪಿದರು. "ದಿನಾ ಆಗೂದಕ್ಕ ಆಕ್ಸಿಡೆಂಟ್ ಅಂತ ಯಾರೂ ಅನ್ನೂದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಮರುದಿನ ಅವರ ಜೋಡಿ ಡ್ರೈವರು ಮನೆಗೆ ಬಂದರು. ಇಬ್ಬರೂ ಎಷ್ಟೋ ವರ್ಷ ಒಂದೇ ಗಾಡಿಯಲ್ಲಿ ದುಡಿದವರು. ಡ್ರೈವರಿಗೆ ಇನ್ನೂ ಕೆಲವು ತಿಂಗಳ ನೌಕರಿ ಉಳಿದಿತ್ತು. ಒಂದೂ ಅಪಘಾತ ಮಾಡಿಲ್ಲವೆಂದು ಅವರಿಗೆ ಇಲಾಖೆಯವರು ಬೆಳ್ಳಿಯ ಪದಕ ಕೊಟ್ಟಿದ್ದರು. ಡ್ಯೂಟಿಗೆ ಬರುವಾಗ ಅದನ್ನು ಅಂಗಿಯ ಮೇಲೆ ಹಾಕಿಕೊಂಡೇ ಬರುತ್ತಿದ್ದರು. ಆಫೀಸಿನಲ್ಲಿ ಆದದ್ದನ್ನೆಲ್ಲ ಕೇಳಿ ತೊಡೆ ತಟ್ಟಿದರು.

"ಆಕ್ಸಿಡೆಂಟ್ ಬೇಕಂದ್ಲೇನ? ಹಂಗಾದ್ರ ನಾ ಕೊಡ್ತೀನಿ ತಗೋ. ಯಾವಗಲ್ ಕ್ರಾಸಿನ್ಯಾಗ ನಾ ಗಕ್ಕನ ಬ್ರೇಕ್ ಹೊಡದ್ಯಾ, ನೀ ಮುಂದಿನ ಕಂಬಿಗೆ ಮಾರಿ ಬಡಕೊಂಡಿ. ಅಷ್ಟ ಹೇಳು. ದವಾಖಾನಿಯಾಗ ಒಂದಿನ ಮಲಗು. ನಿಮ್ಮ ಮನ್ಯಾಗಿನ ಹಾಸಿಗಿಗಿಂತ ಮೆತ್ತಗಿರ್ತೈತಿ."

"ಹಲ್ಲ ಕಿತ್ತ ಡಾಕ್ಟರ್ ಏನ ಅಂದಾನು?"

"ಅವನ ಬಾಯಿ ನಾ ನೋಡ್ಕೋತೀನಿ. ನೀ ನಿನ್ನ ಬಾಯಿ ನೋಡ್ಕೋ."

ನಾನು ಒಳಗೆ ಚಹಾ ಸೋಸುತ್ತಿದ್ದವಳು ಹಾಗೆಯೇ ನಿಂತೆ. ಇವರು ಹೂಂ ಅನ್ನಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

"ನಿನ್ನ ಗಾಡಿ ಇಷ್ಟ ವರ್ಷದಾಗ ಒಂದಕ್ಕರ ತಾಗೈತೇನ?" ಎಂದು ಇವರು ಕೇಳಿದರು.

"ಒಂದು ಎಮ್ಮಿಗೆ ತಾಗಿತ್ತಲ್ಲೋ. ಎಮ್ಮಿ ತಿರುಗಿ ಸೈತ ನೋಡ್ಲಿಲ್ಲ."

"ಎಮ್ಮಿ ಕೇಸ್ ಮಾಡ್ಲಿಲ್ಲ, ಬಿಡು. ನಾ ಮಾಡ್ಲೇನ? ನನ್ನ ಬಾಯಾಗ ಹಲ್ಲ ಬರಬೇಕಂದ್ರ ನಿನ್ನ ಎದಿ ಮ್ಯಾಗಿನ ಬಿಲ್ಲೆ ಹೋಗಬೇಕು. ಬ್ಯಾಡೋ ಮಾರಾಯ."

"ಏ, ಬಿಲ್ಲೆ ಏನ ತಿನ್ನಾಕ ಬರ್ತೈತೇನೋ?"

"ಹಲ್ಲ ಇಲ್ದಾಂವಗ ಏನ ಕೊಟ್ರೂ ತಿನ್ನಾಕ ಬರೂದಿಲ್ಲ," ಎಂದರು ಇವರು. ಇಬ್ಬರೂ ನಕ್ಕರು. ಚಹಾ ತಂದುಕೊಟ್ಟ ನನಗೆ ನಗು ಬರಲಿಲ್ಲ.

ಅವರ ಕೆಲಸದಲ್ಲಿ ಒಂದು ರೀತಿಯಿತ್ತು. ವಿಚಾರಣೆ ಬಂದರೆ ಕಂಡಕ್ಟರ್ ತನ್ನ ಡ್ರೈವರನ ಮೇಲೆ ಹೇಳುವುದಿಲ್ಲ, ಡ್ರೈವರ್ ತನ್ನ ಕಂಡಕ್ಟರನ ಮೇಲೆ ಹೇಳುವುದಿಲ್ಲ. ಆ ಡ್ರೈವರೇ ಹೇಳು ಎಂದರೂ ಇವರಿಗೆ ನಾಲಿಗೆ ಏಳಲಿಲ್ಲ. ಬ್ರೇಕು ಹೊಡೆದವನೂ ಇಲ್ಲ, ಬಡಿದುಕೊಂಡವನೂ ಇಲ್ಲ, ಆದರೂ. ಆ ದಿನ ಸಂಜೆ ರೊಟ್ಟಿ ಕಿವುಚುವಾಗ ನಾನು ಸಿಟ್ಟಿನಿಂದ ಬೇಕಾದದ್ದಕ್ಕಿಂತ ಹೆಚ್ಚು ಕಿವುಚಿದೆ.

ಕೊನೆಗೆ ವಿಮೆ ಇಲ್ಲದೆಯೇ ಗಜೇಂದ್ರಗಡದಲ್ಲಿ ಹಲ್ಲು ಕಟ್ಟಿಸಿದೆವು. ದುಡ್ಡು ಹೇಗೋ ಹೊಂದಿತು. ಮಗಳನ್ನು ಅಲ್ಲಿಗೇ ಕೊಟ್ಟಿದ್ದೇವೆ. ಅವರ ಓಣಿಯಲ್ಲಿ ಇನ್ನೂ ಕೈಮಗ್ಗಗಳು ನಡೆಯುತ್ತವೆ. ಅಳತೆ ತೆಗೆಯಲು, ಹಾಕಿ ನೋಡಲು ಮತ್ತೆ ಮತ್ತೆ ಹೋಗಬೇಕಾಗುತ್ತಿತ್ತು. ಆಗೆಲ್ಲ ಮಗಳ ಮನೆಯಲ್ಲೇ ಉಳಿಯುತ್ತಿದ್ದೆವು. ಹಲ್ಲಿನ ಡಾಕ್ಟರು ಕೊನೆಯ ದಿನ ಸೆಟ್ಟು ಕೂರಿಸಿ, ಕನ್ನಡಿ ಕೊಟ್ಟು ಹೇಳಿದರು: "ಮೊದಲ ಅನ್ನ, ಬಾಳಿಹಣ್ಣು. ರೊಟ್ಟಿ ಲಗೂನ ಬ್ಯಾಡ್ರಿ. ಒಸಡಿಗೆ ರೂಢಿ ಆಗ್ಲಿ."

"ಹೂಂ ರೀ," ಎಂದರು ಇವರು, ಅತ್ಯಂತ ವಿನಯದಿಂದ. ಮಗಳ ಮನೆಯ ಹೊಸಿಲು ದಾಟಿದವರೇ, "ಯವ್ವಾ, ಖಡಕ್ ರೊಟ್ಟಿ ಅದಾವೇನ?" ಎಂದರು.

ಮಗಳು ಕೊಟ್ಟಳು. ಮುರಿದರು, ಕಚ್ಚಿದರು, ಕಣ್ಣಲ್ಲಿ ನೀರು ಬಂತು. ನಾವು ಖುಷಿಗೆ ಎಂದುಕೊಂಡೆವು. ಒಸಡು ಕತ್ತರಿಸಿತ್ತು. ಮುಂದೆ ವಾರಗಟ್ಟಲೆ ಸೆಟ್ಟು ಡಬ್ಬಿಯಲ್ಲಿ, ಇವರು ಗಂಜಿಯಲ್ಲಿ. ಡಾಕ್ಟರು ಬೈದು, ಉಜ್ಜಿ ಸರಿಮಾಡಿ ಕೊಟ್ಟರು.

ಆ ಮೇಲೆ ಮಾತಿನ ರೂಢಿ. ಹೊಸ ಹಲ್ಲಿಗೆ ನಾಲಿಗೆ ತಾಗಿ ಮಾತೆಲ್ಲ ಶಿಳ್ಳೆಯಾಗುತ್ತಿತ್ತು. ದಿನವೂ ಬೆಳಿಗ್ಗೆ ಬಚ್ಚಲಮನೆಯಲ್ಲಿ ನಿಂತು ತಮ್ಮ ಹಳೆಯ ಸ್ಟಾಪುಗಳನ್ನು ಕೂಗತೊಡಗಿದರು. "ಯಾವಗಲ್... ಯಾವಗಲ್ ಇಳಿಯೋರು ಮುಂದ ಬರ್ರಿ..." ಗಜೇಂದ್ರಗಡ ಅವರಿಗೆ ಎಲ್ಲಕ್ಕಿಂತ ಕಷ್ಟ. ಅದು ಬಾಯಲ್ಲಿ ಸಿಕ್ಕಿಕೊಂಡಾಗಲೆಲ್ಲ ನಾನು ಅಡುಗೆಮನೆಯಿಂದ "ಹೋಲ್ಡಾನ್!" ಎಂದು ಕೂಗುತ್ತಿದ್ದೆ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಬಸ್ಸು ಇವತ್ತು ಎಲ್ಲಿತನಕ ಬಂತ್ರಿ?" ಎಂದು ಕೇಳುತ್ತಿದ್ದಳು. ಒಂದು ದಿನ ಗಜೇಂದ್ರಗಡ ಸರಿಯಾಗಿ ಬಂತು. ಅವತ್ತು ಸಂಜೆ ಇಸ್ತ್ರಿಯ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋದರು.

ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಅವರು ಹೀಗೆ ಬಾಳಿದರು. ಮದುವೆಯ ಪಂಕ್ತಿಯಲ್ಲಿ ಕೂತು ರೊಟ್ಟಿ ಮುರಿಯುವಾಗ ದೂರದಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು.

ಹೋದದ್ದು ಬೆಳಗಿನ ಹೊತ್ತು. ಎದ್ದು ಹಾಸಿಗೆಯ ಮೇಲೆ ಕೂತಿದ್ದರು. ಡಬ್ಬಿಯ ಕಡೆ ಕೈ ಚಾಚಿದ್ದನ್ನು ನೋಡಿದೆ. ಕೈ ಅಲ್ಲಿಗೆ ಮುಟ್ಟಲಿಲ್ಲ, ಎದೆಗೆ ಬಂತು. ಆಟೋ ಬರುವುದರೊಳಗೆ ಮುಗಿದಿತ್ತು. ವಿಮೆಯ ಕಾರ್ಡು ಕೈಯಲ್ಲಿ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ಮುಖ ಎಲ್ಲರಿಗೂ ಕಾಣುವಂತೆ ಮೆರವಣಿಗೆ ಮಾಡಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅವರನ್ನು ಮೀಯಿಸಿ, ವಿಭೂತಿ ಹಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ ಕೂರಿಸಿದರು. ಗಲ್ಲ ಒಳಗೆ ಹೋಗಿ, ತುಟಿ ಮಡಿಚಿಕೊಂಡು, ಮೂಗು ಮುಂದೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ನರಗುಂದದಿಂದ ಅವರ ಅಕ್ಕ ಬಂದರು. ಮದುವೆಯಾದ ಸ್ವಲ್ಪ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಅವರು. ಇವರನ್ನು ಎತ್ತಿ ಆಡಿಸಿದವರು. ತಮ್ಮನ ಮುಂದೆ ನಿಂತು ಅಳಲಿಲ್ಲ. ನನ್ನ ಕಡೆ ತಿರುಗಿದರು.

"ಇವ ಯಾರು? ನನ್ನ ತಮ್ಮನ ಹಲ್ಲ ಎಲ್ಲಿ?"

ನಾನು ಓಡಿಹೋಗಿ ಡಬ್ಬಿ ತಂದೆ. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕೈ ಅಡ್ಡ ಮಾಡಿದರು. ಒಳ್ಳೆಯ ಮಾತಿನಲ್ಲೇ ಹೇಳಿದರು: "ಯವ್ವಾ, ಉಂಗುರ, ಉಡದಾರ ಎಲ್ಲಾ ತಗದೀವಿ. ಲಿಂಗ ಒಂದ ಜೋಡಿ ಹೋಗೂದು. ಇದು ಹೊರಗಿನ ಸಾಮಾನು."

ಗುಂಪಿನಲ್ಲಿ ನಿಂತಿದ್ದ ಡ್ರೈವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ವಿಮಾ ಆಫೀಸಿನ್ಯಾಗೂ ಹಿಂಗ ಅಂದಿದ್ರ್ರಿ ಅಯ್ಯಾರ," ಎಂದರು. ಯಾರೋ ನಗಲು ಹೋಗಿ ಕೆಮ್ಮಿದರು.

ಅಕ್ಕ ಬಿಡಲಿಲ್ಲ. "ಊರ ಮಂದಿ ಮುಂದ ನನ್ನ ತಮ್ಮ ಹಿಂತಾ ಮಾರಿಲೆ ಹೋಗಬಾರದು. ಮಣ್ಣ ಮಾಡೂತನಕರ ಇರ್ಲಿ, ಆಮ್ಯಾಲ ತಗೀರಿ." ಅಯ್ಯನವರು ಪಕ್ಕಕ್ಕೆ ಸರಿದರು. ಅಕ್ಕ ಗದ್ದದ ಬಟ್ಟೆ ಬಿಚ್ಚಿದರು. ಆದರೆ ದವಡೆ ಅಷ್ಟರಲ್ಲಿ ಬಿಗಿದುಬಿಟ್ಟಿತ್ತು. ಬೆರಳು ಸಹ ಒಳಗೆ ಹೋಗಲಿಲ್ಲ. ಅವರು ಬಟ್ಟೆಯನ್ನು ಮತ್ತೆ ಕಟ್ಟಿ, ತಮ್ಮನ ಗಲ್ಲ ಸವರಿ, ಆಮೇಲೆ ಅತ್ತರು. ಹೊದಿಸಿದ ಶಾಲಿನ ಅಂಚನ್ನು ಮೇಲೆಳೆದು ಬಾಯಿ ಮುಚ್ಚಿದರು. ಭಜನೆಯವರು ಹಾಡುತ್ತ ಮುಂದೆ ನಡೆದರು. ಡಬ್ಬಿ ನನ್ನ ಕೈಯಲ್ಲಿಯೇ ಉಳಿಯಿತು.

ಅವರ ಹೆಸರಿನಲ್ಲಿ ಎಡೆಯಿಡುವ ದಿನ ಅಡುಗೆ ಮಾಡುವಾಗ ಇನ್ನೊಂದು ಜಗಳ. ಎಡೆಗೆ ಅವರಿಗೆ ಸೇರುತ್ತಿದ್ದದ್ದನ್ನೆಲ್ಲ ಮಾಡಿದ್ದೆವು. ರೊಟ್ಟಿಯನ್ನು ನಾನು ಬೇಳೆಸಾರಿನಲ್ಲಿ ನೆನೆಹಾಕಿದೆ. ಅಕ್ಕ ಬಟ್ಟಲು ಕಸಿದುಕೊಂಡರು.

"ಏನ ಮಾಡಾಕ್ಹತ್ತೀ? ಅಂವಗ ಖಡಕ್ ರೊಟ್ಟಿ ಬೇಕು."

"ಹಲ್ಲ ಮನ್ಯಾಗ ಅದಾವ್ರಿ ಅಕ್ಕಾರ. ಹ್ಯಾಂಗ ತಿಂದಾರು?"

ಅಕ್ಕ ಬಟ್ಟಲು ಕೆಳಗಿಟ್ಟು, ಖಡಕ್ ರೊಟ್ಟಿಯನ್ನು ತಾವೇ ಸಣ್ಣ ಸಣ್ಣ ಚೂರು ಮಾಡಿ ಎಡೆಯಲ್ಲಿಟ್ಟರು. ಒಂದೊಂದು ಚೂರಿಗೂ ಆ ಸಪ್ಪಳ ಆಗುತ್ತಿತ್ತು. ನಾನು ಎದ್ದು ಹಿತ್ತಲಿಗೆ ಹೋದೆ.

ಅಂದಿನಿಂದ ಡಬ್ಬಿ ಎತ್ತುವುದು, ಇಡುವುದು. ಕೇಳಿದವರೆಲ್ಲ ಒಂದೊಂದು ಹೇಳಿದರು. ಒಬ್ಬರು ಹೊಳೆಗೆ ಬಿಡು ಎಂದರು, ಒಬ್ಬರು ಗೋರಿಯ ಪಕ್ಕ ಹುಗಿ ಎಂದರು. ಮಗಳು ಮಾತ್ರ, "ಇರ್ಲಿ ಬಿಡ ಯವ್ವಾ, ಅದೇನ ಅನ್ನ ಕೇಳ್ತೈತೇನು?" ಎಂದಳು. ಅದು ಕೇಳುತ್ತಿರಲಿಲ್ಲ, ಖರೆ. ನಾನೇ ಊಟಕ್ಕೆ ಕೂತಾಗ ತುತ್ತು ಎತ್ತಿ ಒಮ್ಮೆ ಡಬ್ಬಿಯ ಕಡೆ ನೋಡುತ್ತಿದ್ದೆ. ಯಾರಿಗಾದರೂ ಬಡವರಿಗೆ ಉಪಯೋಗವಾದೀತೇ ಎಂದು ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. "ಒಬ್ಬರ ಒಸಡಿನ ಅಳತಿ ಇನ್ನೊಬ್ಬರಿಗೆ ಕೂಡೂದಿಲ್ರಿ ಅಮ್ಮಾರ. ಅದು ಅವರದ," ಎಂದರು ಅವರು.

ಅದೇ ವಾರ ಇನ್ನೊಂದು ಫೋನು ಬಂತು. ವಿಮೆಯ ಕಡೆಯಿಂದ. ಗದಗಿನ ಆಕೆಯಲ್ಲ, ಬೇರೆ ದನಿ. ಇವರ ಹೆಸರು ಹೇಳಿ, ಈ ವರ್ಷದ ಕಂತು ಕಟ್ಟುವ ಸಮಯ ಬಂದಿದೆ ಎಂದಳು. ಇಲ್ಲವಾದರು ಎಂದೆ. ಆಕೆ, "ತಪ್ಪು ತಿಳೀಬ್ಯಾಡ್ರಿ ಅಮ್ಮಾರ, ನಮಗ ಗೊತ್ತಿರ್ಲಿಲ್ಲ," ಎಂದಳು. ದನಿಯಲ್ಲಿ ನಿಜವಾದ ಸಂಕಟವಿತ್ತು. ಆಮೇಲೆ ಕೆಲಸದ ಮಾತಿಗೆ ಬಂದಳು: ನನ್ನ ಹೆಸರಿನಲ್ಲಿ ಮುಂದುವರಿಸಬಹುದು, ಹೊಸ ಪಾಲಿಸಿಯಲ್ಲಿ ಅಡ್ಮಿಟ್ ಆಗದಿದ್ದರೂ ಹಲ್ಲಿನ ಖರ್ಚು ಸ್ವಲ್ಪ ಕೊಡುತ್ತಾರೆ.

ನಾನು ಫೋನು ಕಿವಿಗೆ ಹಿಡಿದು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ನಡೆಯುತ್ತಿದ್ದೆ. "ಹಲ್ಲು ಕಟ್ಟಿಸಿಕೊಳ್ಳೂದು ಬರ್ತೈತೇನವಾ ಅದರಾಗ?" ಎಂದು ಕೇಳಿದೆ.

ಆಕೆ ನೋಡಿ ಹೇಳಿದಳು. "ಕೀಳಿಸಿಕೊಳ್ಳೂದು ಬರ್ತೈತ್ರಿ ಅಮ್ಮಾರ. ಹುಳುಕು ತುಂಬಸೂದೂ ಬರ್ತೈತಿ. ಕಟ್ಟಿಸಿಕೊಳ್ಳೂದು ಬರೂದಿಲ್ರಿ."

"ಕೀಳಾಕ ಕೊಡ್ತೀರಿ, ಕಟ್ಟಾಕ ಕೊಡೂದಿಲ್ಲ."

"ಹಂಗ ಐತ್ರಿ," ಎಂದಳು.

ನನ್ನ ಬಲಗಡೆಯ ದವಡೆ ಹಲ್ಲು ಆಗಲೇ ಅಲುಗಾಡುತ್ತಿತ್ತು. ನಾಲಿಗೆ ಸುಮ್ಮನಿರದೆ ಅದನ್ನೇ ತಳ್ಳುತ್ತಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನು ಇಟ್ಟೆ. ನಂತರ ಕಂತು ಕಟ್ಟಿದೆ ಕೂಡ. ಕಾಲು ಮುರಿದರೆ ಯಾರು ನೋಡುತ್ತಾರೆ?

ಮರುದಿನ ಅಕ್ಕನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಡಬ್ಬಿಯ ಮಾತೂ ಬಂತು. ನೀರು ಬದಲಿಸುವುದನ್ನು ಅದುವರೆಗೆ ಮಗಳ ಹೊರತು ಯಾರಿಗೂ ಗೊತ್ತಾಗದಂತೆ ಇಟ್ಟುಕೊಂಡಿದ್ದೆ, ಅದನ್ನೂ ಹೇಳಿದೆ.

"ತಗೊಂಡ ಬಾ ಇಲ್ಲಿಗೆ," ಎಂದರು ಅಕ್ಕ. "ಅವನ ಹಾಲುಹಲ್ಲ ಎಲ್ಲಾ ಈ ಮಾಳಿಗಿ ಮ್ಯಾಲ ಅದಾವು. ನಾನ ಎತ್ತಿ ಹಿಡಿದು ಒಗಸೀನಿ ಅವನ ಕೈಲೆ."

ಬೆಳಗಿನ ಬಸ್ಸಿಗೆ ಹೊರಟೆ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ. ಇವರು ಕಂಡಕ್ಟರ್ ಆಗಿದ್ದಾಗ ನನಗೆ ಒಂದು ದಿನವೂ ಟಿಕೆಟ್ಟಿಲ್ಲದೆ ಕೂರಲು ಬಿಟ್ಟಿರಲಿಲ್ಲ. ತಮ್ಮ ಕಿಸೆಯಿಂದಲೇ ದುಡ್ಡು ತೆಗೆದು ಚೀಲಕ್ಕೆ ಹಾಕಿ, ಟಿಕೆಟ್ಟು ಹರಿದು ಕೊಡುತ್ತಿದ್ದರು. ಡಬ್ಬಿಯನ್ನು ಕೈಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಯಾವಗಲ್ ಹತ್ತಿರ ಟ್ರ್ಯಾಕ್ಟರೊಂದು ಅಡ್ಡ ಬಂದು, ಡ್ರೈವರು ಗಕ್ಕನೆ ಬ್ರೇಕು ಹೊಡೆದರು. ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ಡಬ್ಬಿಯ ನೀರು ಚೀಲ ದಾಟಿ ಸೀರೆಗಿಳಿಯಿತು. "ಏನಾರ ಆತೇನ್ರಿ ಅಮ್ಮಾರ?" ಎಂದು ಹಿಂದಿನವರು ಕೇಳಿದರು. "ಏನೂ ಇಲ್ಲ," ಎಂದೆ. ಆಕ್ಸಿಡೆಂಟು ಆಗಿಲ್ಲ ಎಂದು ಏಕೋ ಜೋರಾಗಿ ಹೇಳಬೇಕೆನಿಸಿತು.

ನರಗುಂದದ ಆ ಮನೆ ಹಳೆಯದು, ಮಣ್ಣಿನ ಮಾಳಿಗೆ. ಮಳೆಗಾಲದ ಮುಂಚೆ ಅದಕ್ಕೆ ಮೇಲೆ ಹೊಸ ಮಣ್ಣು ಹಾಕಿಸಬೇಕು, ಇಲ್ಲದಿದ್ದರೆ ಸೋರುತ್ತದೆ. ಅಕ್ಕ ಪಕ್ಕದ ಮನೆಯಿಂದ ಸೆಗಣಿ ತಂದು, ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಡಬ್ಬಿ ತೆಗೆದು ಕೊಟ್ಟೆ. ಹಲ್ಲನ್ನು ಸೆರಗಿನಿಂದ ಒರೆಸಿ, ಎರಡೂ ಸಾಲನ್ನು ಒಂದರ ಮೇಲೊಂದು ಕೂರಿಸಿ ನೋಡಿದರು. "ನನ್ನ ತಮ್ಮ ನಗೂದು ಹಿಂಗ," ಎಂದರು. ಸೆಗಣಿಯಲ್ಲಿ ಸುತ್ತಿ ಉಂಡೆ ಮಾಡಿ ನನ್ನ ಕೈಗಿಟ್ಟರು.

ನಾನು ಒಗೆದೆ. ಉಂಡೆ ಗೋಡೆಗೆ ಬಡಿದು ನಮ್ಮ ಕಾಲ ಬುಡದಲ್ಲೇ ಬಿತ್ತು. ಸೆಗಣಿ ಒಡೆದು ಮೇಲಿನ ಸಾಲು ಹೊರಗೆ ಬಂತು.

"ಇಷ್ಟ ವರ್ಷ ರೊಟ್ಟಿ ಬಡದ ಕೈ ಇದೇನ?" ಎಂದು ಅಕ್ಕ ಬೈದರು.

"ಮ್ಯಾಲಕ್ಕ ಯಾವಾಗ ಒಗದೀನ್ರಿ ರೊಟ್ಟಿ?"

ಅಕ್ಕ ನಕ್ಕುಬಿಟ್ಟರು. ನಾನೂ ನಕ್ಕೆ. ನಕ್ಕು ನಕ್ಕು ಇಬ್ಬರಿಗೂ ನಿಲ್ಲಲಾಗಲಿಲ್ಲ. ಅಕ್ಕ ಮೆಟ್ಟಿಲ ಕಲ್ಲಿನ ಮೇಲೆ ಕೂತರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ನೋಡಿ, ಏನೂ ಕೇಳದೆ ಮುಂದೆ ಹೋದರು. ಆಮೇಲೆ ಅಕ್ಕ ಎದ್ದು, ಉಂಡೆಯನ್ನು ಮತ್ತೆ ಕಟ್ಟಿ, ಸೊಂಟದ ಮೇಲೆ ಒಂದು ಕೈಯಿಟ್ಟು, ಇನ್ನೊಂದರಿಂದ ಬೀಸಿ ಒಗೆದರು. ಮಾಳಿಗೆಯ ಮೇಲೆ ಮೆತ್ತಗಿನ ಒಂದು ಸಪ್ಪಳವಾಯಿತು. ಉರುಳಲಿಲ್ಲ. ಅಲ್ಲಿಯೇ ಕೂತಿತು.

"ಮಳಿ ಹತ್ತೂ ಮುಂದ ಮಾಳಿಗಿಗೆ ಮಣ್ಣ ಹಾಕಸ್ತೀನಿ," ಎಂದರು ಅಕ್ಕ. "ಅದಕ್ಕೂ ಮಣ್ಣ ಆಗ್ತೈತಿ."

ಉಳಿದುಕೋ ಎಂದರು. ನನಗೆ ಕೂರಲಾಗಲಿಲ್ಲ. ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹಿಡಿದೆ. ಕಂಡಕ್ಟರ್ ಒಬ್ಬ ನಡುವಯಸ್ಸಿನ ಹೆಣ್ಣುಮಗಳು. ಒಂದು ಕೈಯಲ್ಲಿ ಟಿಕೆಟ್ಟಿನ ಮಷೀನು, ಇನ್ನೊಂದರಲ್ಲಿ ಚಿಲ್ಲರೆ, ಹಲ್ಲಿನಲ್ಲಿ ಸೀಟಿ. ಬಸ್ಸು ತಗ್ಗಿಗೆ ಬಿದ್ದು ಎದ್ದಾಗ ಅದು ಅವಳ ಹಲ್ಲಿಗೆ ಬಡಿದ ಸಪ್ಪಳ ನನಗೆ ಕೇಳಿತೋ, ಕೇಳಿದಂತಾಯಿತೋ. ಟಿಕೆಟ್ಟು ಕೊಡಲು ನನ್ನ ಹತ್ತಿರ ಬಂದಾಗ ಸುಮ್ಮನಿರಲಾಗಲಿಲ್ಲ.

"ಸೀಟಿ ಹಲ್ಲಾಗ ಹಿಡೀಬ್ಯಾಡವಾ," ಎಂದೆ. "ಹಲ್ಲ ಹೋಗ್ತಾವು. ಹೋದ್ರ ಅವು ವಿಮಾದಾಗ ಬರೂದಿಲ್ಲ."

ಅವಳು ಸೀಟಿ ತೆಗೆದು ನನ್ನನ್ನು ನೋಡಿದಳು. ಸಿಟ್ಟು ಮಾಡಲಿಲ್ಲ. "ಮತ್ತೆಲ್ಲಿ ಹಿಡೀಲ್ರಿ ಅಮ್ಮಾರ? ಕೈ ಎರಡ ಅದಾವು," ಎಂದಳು.

ಅವಳು ಸೀಟಿಯನ್ನು ಮತ್ತೆ ಕಚ್ಚಿಕೊಂಡು ಮುಂದಿನ ಸೀಟಿಗೆ ಹೋದಳು. ಚೀಲದಲ್ಲಿ ಡಬ್ಬಿಯ ಮುಚ್ಚಳ ಕುಲುಕಿದಾಗಲೆಲ್ಲ ಸಪ್ಪಳ ಮಾಡುತ್ತಿತ್ತು. ಅದರ ಮೇಲೆ ಕೈಯಿಟ್ಟುಕೊಂಡು, ಯಾವಗಲ್ ಬಂತೇ ಎಂದು ಕಿಟಕಿಯ ಹೊರಗೆ ನೋಡುತ್ತ ಕೂತೆ.